ಎಂಜಿಬಿ ಜಿಟಿ: ಎಕ್ಸಾಸ್ಟ್ ಸದ್ದು ವಿಪರೀತ, ಕಡಿಮೆ ಮಾಡೋಕೆ ಎಲ್ಲಿಂದ ಶುರು ಮಾಡಲಿ?

ದಾವಣಗೆರೆ_ಟು_ರೆಡಿಂಗ್
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1972ರ ಎಂಜಿಬಿ ಜಿಟಿ ಇದೆ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಈ ಕಾರು ತಯಾರಾದ ಆಬಿಂಗ್ಡನ್ ಇಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬೊರೇಟರ್, ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗುವ ಹಾಗೆ ಮಾಡುವ ಹೆಚ್ಚುವರಿ ಗೇರು) ಕೂಡ ಇದೆ. ಗಾಡಿ ಚೆನ್ನಾಗಿಯೇ ಓಡುತ್ತದೆ. ತಲೆನೋವು ಅಂದರೆ ಸದ್ದು.

ಹಿಂದಿನ ಮಾಲೀಕರು ಸ್ಟೇನ್‌ಲೆಸ್ ಎಕ್ಸಾಸ್ಟ್ ಹಾಕಿಸಿದ್ದಾರೆ. ನಡುವಿನ ಸೈಲೆನ್ಸರ್ ಬಾಕ್ಸ್ ಇರಬೇಕಾದ ಜಾಗದಲ್ಲಿ ಬರೀ ಪೈಪು. ಹಿಂದೆ ಒಂದೇ ಒಂದು ಸೈಲೆನ್ಸರ್, ಅದೂ ಒಳಗೆ ತಡೆ ಇಲ್ಲದ ನೇರ ಪೈಪಿನದು. ಪಕ್ಕದ ಮನೆಯಾಕೆ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಅವರು ಮಲಗುವ ಹೊತ್ತಿಗೆ ನಾನು ಚೋಕ್ ಎಳೆದು ಸ್ಟಾರ್ಟ್ ಮಾಡ್ತೀನಿ. ಜಗಳ ಏನೂ ಆಗಿಲ್ಲ. ನಗುತ್ತಲೇ ಹೇಳಿದರು, ಅದಕ್ಕೇ ಇನ್ನೂ ಮುಜುಗರ.

ಎಂ4 ಹೆದ್ದಾರಿಯಲ್ಲಿ ಬೇರೆಯದೇ ಕಥೆ. ಓವರ್‌ಡ್ರೈವ್‌ನಲ್ಲಿ 70 ಮೈಲಿ ವೇಗಕ್ಕೆ 3200 ಆರ್‌ಪಿಎಂ ಹತ್ತಿರ ಬರುತ್ತದೆ. ಸರಿಯಾಗಿ ಅಲ್ಲೇ 'ಹೂಂ' ಅಂತ ಒಂದು ಗುಂಯ್‌ಗುಡುವಿಕೆ ಶುರು. ಹಿಂದೆ ಕೂರುವ ಮಗಳು ಕಿವಿ ಮುಚ್ಚಿಕೊಳ್ತಾಳೆ. ಆಕ್ಸಿಲರೇಟರ್ ಬಿಟ್ಟರೆ ಪಟ್ ಪಟ್ ಅಂತ ಸಿಡಿತ ಬೇರೆ. ಪೂರ್ತಿ ಹೊಸ ಎಕ್ಸಾಸ್ಟ್ ಹಾಕಿಸುವಷ್ಟು ದುಡ್ಡು ಈಗ ಇಲ್ಲ. ಹಾಗಂತ ಕಾರಿನ ದನಿಯನ್ನು ಪೂರ್ತಿ ಕೊಲ್ಲುವ ಮನಸ್ಸೂ ಇಲ್ಲ. ಏನು ಮಾಡಲಿ?

ಜೆಸಿ_ರೋಡ್_ಜಾಣ
ಸೈಲೆನ್ಸರ್ ಸದ್ದು ಕಡಿಮೆ ಮಾಡಿ ಅಂತ ಕೇಳಿದ ಮೊದಲ ಕನ್ನಡಿಗ ನೀವೇ ಇರಬೇಕು ಸರ್. ಬೆಂಗಳೂರಿನ ನಮ್ಮ ಜೆಸಿ ರೋಡಿನ ಬಿಡಿಭಾಗದ ಅಂಗಡಿಗಳಿಗೆ ಬರೋರೆಲ್ಲ ಉಲ್ಟಾ ಕೇಳ್ತಾರೆ.

ಬುಲೆಟ್_ಬಸ್ಯಾ
ಹಳೇ ಸ್ಪೋರ್ಟ್ಸ್ ಕಾರು ಇಟ್ಕೊಂಡು ಸದ್ದು ಬ್ಯಾಡ ಅಂದ್ರ ಹೆಂಗ್ರಿ? ಕಾರಿನ ಅರ್ಧ ಮಜಾ ಅದರ ದನಿಯೊಳಗೇ ಐತಿ. ಪಕ್ಕದ ಮನೆಯವರಿಗೆ ಒಂದು ಜೋಡಿ ಇಯರ್‌ಪ್ಲಗ್ ಕೊಟ್ಟು ಕೈ ಮುಗೀರಿ. ಖರ್ಚೂ ಕಡಿಮಿ.

ನೈಟ್_ಡ್ಯೂಟಿ_ಕುಡ್ಲ
ಬಸ್ಯಾ ಅವರೇ, ನಾನೂ ನರ್ಸೇ ಮಾರಾಯ್ರೆ. ಹನ್ನೆರಡು ಗಂಟೆ ನಿಂತು ಬಂದು ಮಲಗಿದ ಮೇಲೆ ಕಿಟಕಿ ಕೆಳಗೆ ನಿಮ್ಮ ಬುಲೆಟ್ ಗುಡುಗಿದರೆ ಏನಾಗ್ತದೆ ಅಂತ ಒಮ್ಮೆ ಅನುಭವಿಸಿ ನೋಡಿ. ಮಜಾ ನಿಮಗೆ, ಇಯರ್‌ಪ್ಲಗ್ ನಮಗೆ. ಇದು ಯಾವ ನ್ಯಾಯ? ರೆಡಿಂಗಿನವರೇ, ನೀವು ಕೇಳಿದ್ದು ಸರಿಯೇ ಇದೆ. ಯಾರಾದರೂ ಕೇಳ್ತಾರಲ್ಲ, ಅದೇ ಸಂತೋಷ.

ಬುಲೆಟ್_ಬಸ್ಯಾ
ಅಕ್ಕಾರ, ತಮಾಷಿಗೆ ಅಂದೆ. ನನ್ನ ಗಾಡಿಗೆ ಕಂಪನಿ ಸೈಲೆನ್ಸರೇ ಐತಿ.

ಗ್ರೀಸ್_ಕೈ
ನಾನು ಬೆಂಗಳೂರಿನಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಕೊಂಡಿದ್ದೀನಿ. ಎಂಜಿಬಿ ಕೈಗೆ ಸಿಕ್ಕಿದ್ದು ಕಡಿಮೆ, ಆದರೆ ಆ ಕಾಲದ ಬ್ರಿಟಿಷ್ ಗಾಡಿಗಳ ಕಾಯಿಲೆ ಹೆಚ್ಚುಕಮ್ಮಿ ಒಂದೇ. ಹೊಸ ಸೈಲೆನ್ಸರಿಗೆ ದುಡ್ಡು ಸುರಿಯೋ ಮುಂಚೆ ಸೋರಿಕೆ ಹುಡುಕಿ. ಸಿಡಿತ ಅಂದಿರಲ್ಲ, ಅಲ್ಲೇ ಸುಳಿವಿದೆ. ಥ್ರಾಟಲ್ ಮುಚ್ಚಿದಾಗ ಪೂರ್ತಿ ಉರಿಯದ ಪೆಟ್ರೋಲ್ ಆವಿ ಎಕ್ಸಾಸ್ಟ್‌ಗೆ ಬರುತ್ತದೆ. ಮ್ಯಾನಿಫೋಲ್ಡ್ (ಎಂಜಿನ್ನಿಂದ ಹೊಗೆ ಹೊರಬರುವ ಕವಲು ಕೊಳವೆ) ಹತ್ತಿರ ಎಲ್ಲೋ ಸಂದು ಬಿಟ್ಟಿದ್ದರೆ ಅಲ್ಲಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಬಿಸಿ ಪೈಪಿನಲ್ಲಿ ಎರಡೂ ಸೇರಿದರೆ ಪಟ್ ಅನ್ನುತ್ತದೆ.

ಹುಡುಕೋದು ಸುಲಭ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಾನೆಟ್ ತೆಗೆದು ಕೇಳಿ. ಮ್ಯಾನಿಫೋಲ್ಡ್ ಕಡೆಯಿಂದ ಟಿಕ್ ಟಿಕ್ ಬಂದು, ಬಿಸಿಯಾದ ಹಾಗೆ ಕಡಿಮೆ ಆದರೆ ಗ್ಯಾಸ್ಕೆಟ್ಟೇ ಕಳ್ಳ. ಲೋಹ ಹಿಗ್ಗಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಬಿಸಿ ಗಾಡಿಯಲ್ಲಿ ಸಿಗೋದಿಲ್ಲ. ಇನ್ನೊಂದು ದಾರಿ: ಎಂಜಿನ್ ಆಫ್ ಇರುವಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಹಿಂದಿನ ಪೈಪಿಗೆ ಬಟ್ಟೆ ಸುತ್ತಿ ಸೇರಿಸಿ. ಎಲ್ಲ ಜಾಯಿಂಟಿಗೂ ಸೋಪಿನ ನೀರು ಸವರಿ. ಗುಳ್ಳೆ ಎಲ್ಲಿ ಏಳುತ್ತೋ ಅಲ್ಲಿ ಸೋರಿಕೆ. ಮನೆಯವರ ಕ್ಲೀನರ್ ತಗೊಳ್ಳೋ ಮುಂಚೆ ಒಂದು ಮಾತು ಕೇಳಿಬಿಡಿ.

ಆಮೇಲೆ ಕೆಳಗೆ ಮಲಗಿ ಪೈಪು ಎಲ್ಲಾದರೂ ಬಾಡಿಗೆ ತಾಗ್ತಿದೆಯಾ ನೋಡಿ. ತಾಗಿದ ಗುರುತು ಹೊಳೀತಿರುತ್ತದೆ. ಹ್ಯಾಂಗರ್ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ. ಎಂಜಿನ್ ಮೌಂಟ್ ಕುಸಿದಿದ್ದರೂ ಇಡೀ ಪೈಪು ಕೆಳಗೆ ಇಳಿದು ಎಲ್ಲೋ ತಾಗುತ್ತದೆ. ಗುಂಯ್‌ಗುಡುವಿಕೆಯಲ್ಲಿ ಒಂದು ಪಾಲು ಹೀಗೆ ಬಾಡಿ ಮೂಲಕವೇ ಒಳಗೆ ಬರೋದುಂಟು.

ಪೈಪ್_ಪುರಾಣ
ಇಷ್ಟೆಲ್ಲ ಯಾಕೆ? ಹಿಂದಿನ ಪೈಪಿನೊಳಗೆ ಸ್ಟೀಲ್ ಉಲ್ಲನ್ ತುರುಕಿ. ಪಾತ್ರೆ ತಿಕ್ಕೋದು ಸಿಗುತ್ತಲ್ಲ, ಅದು. ನಮ್ಮ ಹುಡುಗ ಒಬ್ಬ ಮಾಡಿದ್ದ, ಸದ್ದು ಅರ್ಧ ಆಯ್ತು.

ಗ್ರೀಸ್_ಕೈ
ದಯವಿಟ್ಟು ಬೇಡ. ಒಂದೋ ಅದು ಹಿಂದಿನ ಕಾರಿನ ಗಾಜಿಗೆ ಹಾರುತ್ತದೆ, ಇಲ್ಲಾ ಅಲ್ಲೇ ಸಿಕ್ಕಿಕೊಂಡು ಎಂಜಿನ್ ಉಸಿರು ಕಟ್ಟುತ್ತದೆ.

ಡೆಟ್ರಾಯಿಟ್_ಡೆಸಿಬಲ್
ವಾಹನಗಳ ಸದ್ದು, ನಡುಕ ಕಡಿಮೆ ಮಾಡೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನಿಮ್ಮದು ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್. ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. 3200 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 107 ಸಲ. ಅಂದರೆ ನಿಮಗೆ ಕಾಟ ಕೊಡ್ತಿರೋದು 107 ಹರ್ಟ್ಸ್ ಹತ್ತಿರದ ದಪ್ಪ ದನಿ. ಜಿಟಿ ಮುಚ್ಚಿದ ಕಾರು. ಖಾಲಿ ಕೊಡದ ಬಾಯಿಗೆ ಊದಿದ ಹಾಗೆ, ಕ್ಯಾಬಿನ್ ಆ ಒಂದು ದನಿಯನ್ನೇ ಹಿಡಿದು ದೊಡ್ಡದು ಮಾಡುತ್ತದೆ. ಅದೇ ಎಕ್ಸಾಸ್ಟ್ ಹಾಕಿದ ರೋಡ್‌ಸ್ಟರ್ (ಮೇಲ್ಛಾವಣಿ ತೆರೆಯುವ ಎಂಜಿಬಿ) ಮಾಲೀಕರು ಟಾಪ್ ಇಳಿಸಿಕೊಂಡು 'ನಮಗೇನೂ ತೊಂದರೆ ಇಲ್ಲ' ಅನ್ನೋದು ಇದಕ್ಕೇ.

ಈಗ ಸೈಲೆನ್ಸರ್ ವಿಷಯ. ನಿಮ್ಮದು ನೇರ ಪೈಪಿನದು: ತೂತುಗಳಿರುವ ಕೊಳವೆ, ಸುತ್ತ ಗಾಜಿನ ನಾರೋ ಸ್ಟೀಲ್ ನಾರೋ ತುಂಬಿರುತ್ತದೆ. ಇದು ಕೀಚಲು, ಕರ್ಕಶ ದನಿಯನ್ನು ಚೆನ್ನಾಗಿ ನುಂಗುತ್ತದೆ. 100 ಹರ್ಟ್ಸ್ ಆಸುಪಾಸಿನ ದಪ್ಪ ದನಿ ಅದನ್ನು ದಾಟಿಕೊಂಡು ಆರಾಮಾಗಿ ಹೋಗುತ್ತದೆ. ದಪ್ಪ ದನಿಗೆ ಬೇಕಾದ್ದು ಒಳಗೆ ಕೋಣೆಗಳು, ಬ್ಯಾಫಲ್‌ಗಳು (ಅಡ್ಡ ತಡೆಗಳು) ಇರುವ ಬಾಕ್ಸ್. ಅಲೆ ಅಲ್ಲಿ ಗೋಡೆಗೆ ತಾಗಿ ವಾಪಸ್ ಬಂದು, ಎದುರು ಬರುವ ಅಲೆಯನ್ನು ತಾನೇ ಅಳಿಸುತ್ತದೆ. ನಿಮ್ಮ ಕಾರಿನಲ್ಲಿ ನಡುವಿನ ಬಾಕ್ಸ್ ಕಿತ್ತು ಹಾಕಿದ್ದಾರೆ ಅಂದರೆ ಆ ಕೆಲಸಕ್ಕೆ ಈಗ ಯಾರೂ ಇಲ್ಲ. ಮೊದಲು ಅದನ್ನೇ ವಾಪಸ್ ತನ್ನಿ. ಹಿಂದಿನದು ಹಾಗೇ ಇರಲಿ.

ಇನ್ನೊಂದು ಉಪಾಯವೂ ಇದೆ: ಪೈಪಿಗೆ ಒಂದು ಕಡೆ ಮುಚ್ಚಿದ ಕೊಂಬೆ ಪೈಪು ವೆಲ್ಡ್ ಮಾಡೋದು. ಉದ್ದ ಆ ದನಿಯ ಅಲೆಯ ಕಾಲು ಭಾಗ ಇರಬೇಕು. ಬಿಸಿ ಗ್ಯಾಸ್‌ನಲ್ಲಿ ಶಬ್ದ ಸೆಕೆಂಡಿಗೆ 450 ಮೀಟರ್ ಹೋಗುತ್ತದೆ ಅಂತ ಇಟ್ಟುಕೊಂಡರೆ 107 ಹರ್ಟ್ಸ್‌ಗೆ ಸುಮಾರು 1 ಮೀಟರ್ ಉದ್ದ ಬೇಕು. ಲೆಕ್ಕ ಚೆಂದ. ಆದರೆ ಎಂಜಿಬಿ ಕೆಳಗೆ ಒಂದು ಮೀಟರ್ ಪೈಪು ಎಲ್ಲಿ ಮಲಗಿಸ್ತೀರಿ? ನೆಲಕ್ಕೂ ಪೈಪಿಗೂ ಅಂತರವೇ ಕಮ್ಮಿ. ಜೊತೆಗೆ ಅದು ಒಂದೇ ಆರ್‌ಪಿಎಂ ಸುತ್ತಮುತ್ತ ಕೆಲಸ ಮಾಡುತ್ತದೆ. ಓವರ್‌ಡ್ರೈವ್ ತೆಗೆದು ಅದೇ ವೇಗದಲ್ಲಿ ಹೋದರೆ 3900 ಆಗುತ್ತದೆ, ಅಲ್ಲಿ 130 ಹರ್ಟ್ಸ್. ಬಾಕ್ಸೇ ವಾಸಿ.

ಫೋನಿನಲ್ಲಿ ಅಳೆಯೋದಾದರೆ ಒಂದು ಎಚ್ಚರ. ಆ್ಯಪ್‌ಗಳು ಸಾಮಾನ್ಯವಾಗಿ 'ಎ' ತೂಕದಲ್ಲಿ ತೋರಿಸುತ್ತವೆ. ಅದು 100 ಹರ್ಟ್ಸ್ ದನಿಯನ್ನು ಸುಮಾರು 19 ಡೆಸಿಬಲ್ ಕಡಿಮೆ ಮಾಡಿ ಲೆಕ್ಕ ಹಾಕುತ್ತದೆ. ಕ್ಯಾಬಿನ್ ಗುಂಯ್‌ಗುಡುವಿಕೆಗೆ 'ಸಿ' ತೂಕ ಇಟ್ಟುಕೊಳ್ಳಿ, ಅದು ದಪ್ಪ ದನಿಯನ್ನು ಅಷ್ಟಾಗಿ ಇಳಿಸೋದಿಲ್ಲ. ಹೊರಗೆ ಅಳೆಯೋದಾದರೆ ಪೈಪಿನ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆ, ಬಾಯಿಯ ಎತ್ತರಕ್ಕೇ ಫೋನ್. ಪ್ರತಿ ಸಲ ಅದೇ ಆರ್‌ಪಿಎಂ. ಸಂಖ್ಯೆ ನಿಜವಾ ಸುಳ್ಳಾ ಅನ್ನೋದು ಬಿಡಿ, ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸ ಮುಖ್ಯ. 10 ಡೆಸಿಬಲ್ ಇಳಿದರೆ ಕಿವಿಗೆ ಸುಮಾರು ಅರ್ಧ ಅನಿಸುತ್ತದೆ. 3 ಇಳಿದರೆ ಶಕ್ತಿಯ ಲೆಕ್ಕದಲ್ಲಿ ಅರ್ಧ, ಕಿವಿಗೆ ಮಾತ್ರ 'ಹೌದಾ, ಕಡಿಮೆ ಆಯ್ತಾ?' ಅನ್ನುವಷ್ಟೇ.

ಟಾಪ್_ಗೇರ್_ತಿಮ್ಮ
ನಡುವೆ ಬಾಕ್ಸ್ ಹಾಕಿದರೆ ಪವರ್ ಹೋಗಲ್ವಾ? ಇರೋದೇ 95 ಬಿಎಚ್‌ಪಿ.

ಪೈಪ್_ಪುರಾಣ
ಹೋಗಲ್ಲ ತಿಮ್ಮಣ್ಣ, ಜಾಸ್ತಿನೇ ಆಗುತ್ತೆ. ಎಂಜಿನ್‌ಗೆ ಬ್ಯಾಕ್ ಪ್ರೆಶರ್, ಅಂದ್ರೆ ಹೊಗೆ ಹೊರಗೆ ಹೋಗೋಕೆ ಎದುರು ಒತ್ತಡ, ಬೇಕೇ ಬೇಕು. ಇಲ್ಲ ಅಂದ್ರೆ ಪಿಕಪ್ ಇರಲ್ಲ. ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು.

ಡೆಟ್ರಾಯಿಟ್_ಡೆಸಿಬಲ್
ಬ್ಯಾಕ್ ಪ್ರೆಶರ್ ಯಾವ ಫೋರ್ ಸ್ಟ್ರೋಕ್ ಎಂಜಿನ್‌ಗೂ ಬೇಡ. ಪೈಪು ವಿಪರೀತ ದಪ್ಪ ಮಾಡಿದರೆ ಗ್ಯಾಸಿನ ವೇಗ ಇಳಿಯುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಸಿಲಿಂಡರ್ ಸರಿಯಾಗಿ ಖಾಲಿ ಆಗೋದಿಲ್ಲ, ಪಿಕಪ್ ಹೋಗುತ್ತದೆ. ಜನ ಅದನ್ನು ನೋಡಿ 'ಪ್ರೆಶರ್ ಕಡಿಮೆ ಆಯ್ತು, ಅದಕ್ಕೇ ಹೀಗೆ' ಅಂತಾರೆ. ನೋಡಿದ್ದು ಸರಿ, ಕೊಟ್ಟ ಕಾರಣ ತಪ್ಪು.

ತಿಮ್ಮ ಅವರಿಗೆ: ಸರಿಯಾದ ಅಳತೆಯ ಬಾಕ್ಸ್ ಹಾಕಿದರೆ ರಸ್ತೆಯಲ್ಲಿ ಗೊತ್ತಾಗುವಷ್ಟು ಏನೂ ಹೋಗಲ್ಲ. ಎಂಜಿಬಿಯ ಬಿ ಸೀರೀಸ್ ಎಂಜಿನ್ನಿನಲ್ಲಿ 2 ಮತ್ತು 3ನೇ ಸಿಲಿಂಡರಿಗೆ ಸೇರಿ ಒಂದೇ ಎಕ್ಸಾಸ್ಟ್ ಬಾಯಿ. ನಾಲ್ಕು ಸಿಲಿಂಡರಿಗೆ ಮೂರೇ ದಾರಿ. ಉಸಿರು ಅಲ್ಲೇ ಕಟ್ಟುತ್ತದೆ, ಬಾಕ್ಸ್ ಮೇಲೆ ಯಾಕೆ ತಪ್ಪು ಹೊರಿಸ್ತೀರಿ?

ಮೈಸೂರ್_ಯೆಜ್ಡಿ
ಬ್ಯಾಫಲ್ ಮಾತು ಬಂತಲ್ಲ, ಸುಮ್ನಿರೋಕೆ ಆಗಲಿಲ್ಲ. ಜಾವಾ, ಯೆಜ್ಡಿ ನಮ್ಮೂರಲ್ಲೇ ತಯಾರಾಗ್ತಿದ್ದವು, ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಟು ಸ್ಟ್ರೋಕ್ ಆದ್ದರಿಂದ ಆಯಿಲ್ ಸುಟ್ಟು ಬ್ಯಾಫಲ್ ಮೇಲೆ ಕರಿ ಕಟ್ಟೋದು. ಅದನ್ನು ಎಳೆದು ಬೆಂಕಿಗೆ ಹಾಕಿ ಸುಟ್ಟು, ತಟ್ಟಿ, ಮತ್ತೆ ಹಾಕ್ತಿದ್ದೆವು. ಕಾಲೇಜು ಹುಡುಗರು ಸುಡೋಕೆ ತೆಗೆದವರು ವಾಪಸ್ ಹಾಕ್ತಿರಲಿಲ್ಲ. ಸದ್ದು ಆಕಾಶಕ್ಕೆ, ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಗಾಡಿ ಮುಕ್ಕರಿಯೋದು. ಟು ಸ್ಟ್ರೋಕ್‌ನಲ್ಲಿ ಸೈಲೆನ್ಸರಿನ ಆಕಾರವೇ ಎಂಜಿನ್ನಿನ ಒಂದು ಭಾಗ. ವಾಪಸ್ ಬರುವ ಅಲೆ ಹೊಸ ಮಿಶ್ರಣವನ್ನು ಒಳಗೇ ತಡೆದು ನಿಲ್ಲಿಸಬೇಕು. ಪೈಪ್ ಪುರಾಣದವರು ಹೇಳೋ ಬ್ಯಾಕ್ ಪ್ರೆಶರ್ ಕಥೆ ಇಂಥ ಗಾಡಿಗಳಿಂದಲೇ ಹುಟ್ಟಿರಬೇಕು ಅಂತ ನನ್ನ ಅಂದಾಜು.

ಪೈಪ್_ಪುರಾಣ
ಸರಿ ಸರಿ, ಟು ಸ್ಟ್ರೋಕ್‌ಗಾದರೂ ಒಪ್ಪಿಕೊಂಡಿರಲ್ಲ.

ಕಾನೂನು_ಕಟ್ಟೆ
ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ ಕಾರಿಗೆ ದೊಡ್ಡ ಬದಲಾವಣೆ ಏನೂ ಮಾಡಿಲ್ಲದಿದ್ದರೆ 2018ರ ಮೇ ತಿಂಗಳಿಂದ ಎಂಒಟಿ ಪರೀಕ್ಷೆ (ಗಾಡಿ ರಸ್ತೆಗೆ ಯೋಗ್ಯವಾ ಅಂತ ವರ್ಷಕ್ಕೊಮ್ಮೆ ನೋಡೋದು) ಕಡ್ಡಾಯ ಇಲ್ಲ. ಹಾಗಂತ ಸದ್ದಿಗೆ ಲೈಸೆನ್ಸ್ ಸಿಕ್ಕಿತು ಅಂದುಕೊಳ್ಳಬೇಡಿ. ಸೈಲೆನ್ಸರ್ ಚೆನ್ನಾಗಿರಬೇಕು, ಸದ್ದು ಜಾಸ್ತಿ ಆಗುವ ಹಾಗೆ ಬದಲಿಸಬಾರದು ಅಂತ 1986ರ ನಿಯಮಗಳಲ್ಲೇ ಇದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್ ಇದೆ. 2019ರ ತಿದ್ದುಪಡಿ ಆದಮೇಲೆ 10,000 ರೂಪಾಯಿವರೆಗೆ ದಂಡ ಹಾಕಬಹುದು. ಕರ್ನಾಟಕದ ಊರುಗಳಲ್ಲಿ ಪೊಲೀಸರು ಹಿಡಿದ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸೋದನ್ನು ಪೇಪರಿನಲ್ಲಿ ನೋಡಿರ್ತೀರಿ.

ಜೆಸಿ_ರೋಡ್_ಜಾಣ
ಆ ಫೋಟೋ ಬಂದ ವಾರ ಕಂಪನಿ ಸೈಲೆನ್ಸರಿಗೆ ಡಿಮ್ಯಾಂಡೋ ಡಿಮ್ಯಾಂಡು. ಆಮೇಲೆ ಯಥಾಪ್ರಕಾರ.

ಚಾರ್ಜರ್_ಚೆನ್ನಿ
ನಮ್ಮ ಮನೇಲೂ ಎಂಜಿ ಇದೆ. ಎಲೆಕ್ಟ್ರಿಕ್. ಸೈಲೆನ್ಸರೇ ಇಲ್ಲ 😄

ಬುಲೆಟ್_ಬಸ್ಯಾ
ಅದು ಹೆಸರಿಗಷ್ಟ ಎಂಜಿ. ಆಬಿಂಗ್ಡನ್ ಕಾರ್ಖಾನೆ 1980ರಾಗ ಬಾಗಿಲು ಹಾಕೇತಿ. ಈಗ ಹೆಸರು ಚೀನಾ ಕಂಪನಿ ಕೈಯಾಗ ಐತಿ.

ಚಾರ್ಜರ್_ಚೆನ್ನಿ
ಇರಲಿ ಬಿಡಿ. ಪಕ್ಕದ ಮನೆಯವರು ಮಾತಾಡಿಸ್ತಾರೆ, ಅಷ್ಟು ಸಾಕು.

ನೈಟ್_ಡ್ಯೂಟಿ_ಕುಡ್ಲ
ಸದ್ದಿನ ಮಾತಲ್ಲಿ ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಎಕ್ಸಾಸ್ಟ್ ಸೋರ್ತಾ ಇದ್ರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬರ್ತದೆ, ಜನ ಪ್ರಯಾಣದ ಸುಸ್ತು ಅಂದುಕೊಳ್ತಾರೆ. ಹಿಂದೆ ಮಗು ಕೂರುವ ಕಾರಿದು. ಹಿಂದಿನ ಬಾಗಿಲಿನ ರಬ್ಬರ್ ಸೀಲ್, ನೆಲದ ತೂತುಗಳ ಬಿರಡೆ ಎಲ್ಲ ನೋಡಿಸಿ. ಈ ಅನಿಲ ಬಂದರೆ ಕೂಗುವ, ಬ್ಯಾಟರಿಯಲ್ಲಿ ನಡೆಯುವ ಅಲಾರಂ ಒಂದು ಕಾರಿನಲ್ಲಿ ಇಟ್ಟರೆ ಇನ್ನೂ ಒಳ್ಳೇದು.

ಗ್ರೀಸ್_ಕೈ
ನೂರಕ್ಕೆ ನೂರು ಸರಿ. ಜಿಟಿಗಳಲ್ಲಿ ಹಿಂದಿನ ಬಾಗಿಲಿನ ಸೀಲ್ ಹಳತಾಗಿದ್ದರೆ ಓಡುವಾಗ ಹಿಂದೆ ಹುಟ್ಟುವ ಎಳೆತಕ್ಕೆ ಹೊಗೆ ಒಳಗೇ ಬರುತ್ತದೆ. ಪೈಪಿನ ಬಾಯಿ ಬಂಪರ್ ದಾಟಿ ಹೊರಗೆ ಇರಲೇಬೇಕು.

ಚೋಕ್_ಎಳೆದವ
ಬೆಳಗಿನ ಗಲಾಟೆಗೆ ಖರ್ಚಿಲ್ಲದ ಒಂದು ಔಷಧ. ಚೋಕ್ ಎಳೆದಾಗ ಐಡಲ್ ಎಷ್ಟು ಏರುತ್ತದೆ ನೋಡಿ. ಎಸ್‌ಯುನಲ್ಲಿ ಅದಕ್ಕೇ ಬೇರೆ ಸ್ಕ್ರೂ ಇದೆ. ಎಷ್ಟೋ ಕಾರುಗಳಲ್ಲಿ ಅದನ್ನು ಸುಮ್ನೆ 2000 ಹತ್ತಿರ ಬಿಟ್ಟಿರ್ತಾರೆ. ಎಂಜಿನ್ ನಿಲ್ಲದೆ ನಡೆಯುವಷ್ಟಕ್ಕೆ ಇಳಿಸಿ. ಮನೆ ಮುಂದೆ ನಿಲ್ಲಿಸಿಕೊಂಡು ಬಿಸಿ ಮಾಡೋ ಅಭ್ಯಾಸವನ್ನೂ ಬಿಡಿ. ಆಯಿಲ್ ಪ್ರೆಶರ್ ಬಂದ ತಕ್ಷಣ ಮೆಲ್ಲಗೆ ಹೊರಟುಬಿಡಿ. ಎಂಜಿನ್ನಿಗೂ ಅದೇ ಒಳ್ಳೆಯದು.

ಇಗ್ನಿಷನ್ ಟೈಮಿಂಗ್ (ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು) ಕೂಡ ನೋಡಿ. ಹಿಂದೆ ಬಿದ್ದಿದ್ದರೆ ಉರಿ ತಡವಾಗಿ ಮುಗಿಯುತ್ತದೆ, ಎಕ್ಸಾಸ್ಟ್ ಜಾಸ್ತಿ ಬಿಸಿ, ಜಾಸ್ತಿ ಸದ್ದು. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದು ನೋಡಿ, ಪ್ಲೇಟ್ ಅಲ್ಲಾಡಬೇಕು.

ಟಾಪ್_ಗೇರ್_ತಿಮ್ಮ
ಒಳಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ?

ಡೆಟ್ರಾಯಿಟ್_ಡೆಸಿಬಲ್
ತಗಡಿನ ನಡುಕ ಕಡಿಮೆ ಆಗುತ್ತದೆ, 107 ಹರ್ಟ್ಸ್ ಗುಂಯ್ ಅಷ್ಟಾಗಿ ಹೋಗಲ್ಲ. ಮೊದಲು ಮೂಲ ಸರಿ ಮಾಡಿ, ಶೀಟ್ ಆಮೇಲೆ. ಹಳೇ ಕಾರಿನ ನೆಲಕ್ಕೆ ಅಂಟಿಸೋ ಮುಂಚೆ ತುಕ್ಕು ನೋಡಿಕೊಳ್ಳಿ, ಇಲ್ಲ ಅಂದರೆ ಶೀಟಿನಡಿ ನೀರು ನಿಂತು ನೆಲವೇ ಹೋಗುತ್ತದೆ.

ದಾವಣಗೆರೆ_ಟು_ರೆಡಿಂಗ್
ಎಲ್ಲರಿಗೂ ಥ್ಯಾಂಕ್ಸ್. ಆದ ಕೆಲಸ ಹೇಳ್ತೀನಿ.

ಸೋಪಿನ ನೀರಿನ ಪರೀಕ್ಷೆ ಮಾಡಿದೆ. ಮ್ಯಾನಿಫೋಲ್ಡಿಗೆ ಡೌನ್‌ಪೈಪ್ ಸೇರುವ ಕಡೆ ಗುಳ್ಳೆಗಳ ಜಾತ್ರೆ! ಹೊಸ ಗ್ಯಾಸ್ಕೆಟ್, ಹೊಸ ಹಿತ್ತಾಳೆ ನಟ್ ಹಾಕಿದೆ. ಸಿಡಿತ ಹೆಚ್ಚುಕಮ್ಮಿ ಹೋಗಿದೆ. ಇಳಿಜಾರಿನಲ್ಲಿ ಅಪರೂಪಕ್ಕೊಂದು ಪಟ್ ಬರುತ್ತದೆ, ಅಷ್ಟು ಇರಲಿ. ಹಿಂದಿನ ಒಂದು ಹ್ಯಾಂಗರ್ ರಬ್ಬರ್ ಕಲ್ಲಾಗಿತ್ತು, ಬದಲಾಯಿತು. ಚೋಕ್ ಸ್ಕ್ರೂ ಇಳಿಸಿದೆ, ಬೆಳಿಗ್ಗೆ ಈಗ ನಿಜವಾಗಿಯೂ ವ್ಯತ್ಯಾಸ ಇದೆ.

ನಡುವಿನ ಪೈಪ್ ಕತ್ತರಿಸಿ ಬ್ಯಾಫಲ್ ಇರುವ ಬಾಕ್ಸ್ ಹಾಕಿಸಿದೆ, ಕ್ಲ್ಯಾಂಪಿನಲ್ಲಿ. ಹೊರಗೆ ಅಳೆದಾಗ ಫೋನಿನಲ್ಲಿ 6 ಡೆಸಿಬಲ್ ಇಳಿದಿದೆ. ಒಳಗೆ 'ಸಿ' ತೂಕದಲ್ಲಿ ಅದಕ್ಕಿಂತ ಜಾಸ್ತಿ. ಓವರ್‌ಡ್ರೈವ್ ಹಾಕಿ 70ರಲ್ಲಿ ಹೋದರೆ ಮಾತಾಡಬಹುದು, ಕೂಗಬೇಕಿಲ್ಲ. ಓವರ್‌ಡ್ರೈವ್ ಇಲ್ಲದೆ 3900ರಲ್ಲಿ ಇನ್ನೂ ಸ್ವಲ್ಪ ಗುಂಯ್ ಅನ್ನುತ್ತದೆ. ಆ ಆರ್‌ಪಿಎಂನಲ್ಲಿ ಯಾರು ಊರೆಲ್ಲ ಓಡಿಸ್ತಾರೆ, ಬಿಡಿ. ಸೀಲ್ ಬದಲಾಯಿಸೋದು ಬಾಕಿ ಇದೆ, ಅಲಾರಂ ತಂದಿಟ್ಟಿದ್ದೇನೆ. ಕುಡ್ಲದ ಅಕ್ಕನಿಗೆ ವಿಶೇಷ ಥ್ಯಾಂಕ್ಸ್.

ನೈಟ್_ಡ್ಯೂಟಿ_ಕುಡ್ಲ
ಪಕ್ಕದ ಮನೆಯಾಕೆ ಏನಂದರು?

ದಾವಣಗೆರೆ_ಟು_ರೆಡಿಂಗ್
'ಕಾರು ಮಾರಿದ್ರಾ?' ಅಂತ ಕೇಳಿದರು.

ಚೋಕ್_ಎಳೆದವ
ಬಾಕ್ಸ್ ಮೈಲ್ಡ್ ಸ್ಟೀಲಾ, ಸ್ಟೇನ್‌ಲೆಸ್ಸಾ? ಮೈಲ್ಡ್ ಆದರೆ ಬರೀ ಅಂಗಡಿಗೆ ಹೋಗಿ ಬರೋದು ಮಾಡಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಾಕ್ಸ್ ಬಿಸಿ ಆಗದಿದ್ದರೆ ಆ ನೀರಲ್ಲಿ ಒಂದಷ್ಟು ಒಳಗೇ ನಿಂತು ಒಳಗಿನಿಂದ ತಿನ್ನುತ್ತದೆ. ವಾರಕ್ಕೊಮ್ಮೆಯಾದರೂ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ.

ದಾವಣಗೆರೆ_ಟು_ರೆಡಿಂಗ್
ಮೈಲ್ಡ್ ಸ್ಟೀಲೇ, ಅಗ್ಗ ಅಂತ. ವಾರಕ್ಕೊಮ್ಮೆ ಉದ್ದ ಡ್ರೈವ್ ಕಡ್ಡಾಯ ಅಂತ ಮನೇಲಿ ತೋರಿಸೋಕೆ ನಿಮ್ಮ ಈ ಮೆಸೇಜ್ ಸೇವ್ ಮಾಡಿಟ್ಟುಕೊಂಡೆ.

ಮೈಸೂರ್_ಯೆಜ್ಡಿ
ಕತ್ತರಿಸಿದ ಸ್ಟೇನ್‌ಲೆಸ್ ಪೈಪ್ ತುಂಡು ಎಸೀಬೇಡಿ. ಊರಿಗೆ ಬರುವಾಗ ತನ್ನಿ, ನನಗೆ ಬೇಕು.

ದಾವಣಗೆರೆ_ಟು_ರೆಡಿಂಗ್
ತರ್ತೀನಿ. ಏರ್‌ಪೋರ್ಟ್‌ನಲ್ಲಿ ಇದೇನು ಅಂತ ಕೇಳಿದರೆ ಏನು ಹೇಳಲಿ?

ಜೆಸಿ_ರೋಡ್_ಜಾಣ
ಪುಟ್ಟು ಮಾಡೋ ಕೊಳವೆ ಅನ್ನಿ.

ನೈಟ್_ಡ್ಯೂಟಿ_ಕುಡ್ಲ
ಅಷ್ಟು ಮಸಿ ಹಿಡಿದ ಪುಟ್ಟು ಕೊಳವೆ ಯಾರ ಮನೇಲಿ ಇರ್ತದೆ ಮಾರಾಯ್ರೆ! ತೊಳೆದಾದರೂ ತನ್ನಿ.